ರಂಗೋಲಿಯ ಎಳೆ ನಡುಗಿದ ದಿನ

ಕತ್ರಿಗುಪ್ಪೆ ವಾಟರ್ ಟ್ಯಾಂಕಿನಿಂದ ಒಳಗೆ ಎರಡು ಅಡ್ಡರಸ್ತೆ ದಾಟಿದರೆ ನಮ್ಮ ಮನೆ. ಧನುರ್ಮಾಸದಲ್ಲಿ ನಮ್ಮ ಬೀದಿಯ ಹೆಂಗಸರು ಬೆಳಿಗ್ಗೆ ಐದೂವರೆಗೇ ಗೇಟಿನ ಮುಂದೆ ನೀರು ಹಾಕಿ ರಂಗೋಲಿಗೆ ಕೂರುತ್ತಾರೆ. ಹದಿನೈದು ಚುಕ್ಕಿಯಿಂದ ಎಂಟಕ್ಕೆ ಇಳಿಯುವ ರಂಗೋಲಿಯನ್ನು ನನ್ನ ಹೆಂಡತಿ ಪುಸ್ತಕ ನೋಡದೆ ಹಾಕುತ್ತಿದ್ದಳು. ಎರಡು ವರ್ಷದ ಹಿಂದೆ ಅಂಥದೊಂದು ಬೆಳಿಗ್ಗೆ ಅರ್ಧಕ್ಕೇ ಎದ್ದು ಒಳಗೆ ಬಂದುಬಿಟ್ಟಳು. ಹಾಲು ತರಲು ಹೊರಟವನು ಗೇಟಿನ ಹತ್ತಿರ ನಿಂತು ನೋಡಿದೆ. ಚುಕ್ಕಿಗಳೆಲ್ಲ ಸಾಲಿನಲ್ಲೇ ಇದ್ದವು. ಅವುಗಳನ್ನು ಸುತ್ತಿ ಬರಬೇಕಾದ ಎಳೆ ಮಾತ್ರ ಸಣ್ಣಗೆ ಅಲುಗಿ, ಅಲ್ಲಲ್ಲಿ ದಪ್ಪಗಾಗಿ, ಒಂದು ಮೂಲೆಯಲ್ಲಿ ತುಂಡಾಗಿತ್ತು. ವಾಪಸು ಬಂದಾಗ ಅವಳು ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಳು. ನನ್ನ ಕಡೆ ತಿರುಗದೆಯೇ ಹೇಳಿದಳು: "ರೀ, ಇನ್ನು ನಾನು ಆ ಮಾತ್ರೆ ನುಂಗಲ್ಲ. ಸಾಕಾಗಿದೆ."

ಆ ಮಾತ್ರೆ ಎಂದರೆ ಲಿಥಿಯಂ. ಅವಳಿಗಿರುವುದು ಬೈಪೋಲಾರ್ ಕಾಯಿಲೆ. ಇದರ ಬಗ್ಗೆ ಬರೆಯಲೇ ಎಂದು ಮೊದಲು ಅವಳನ್ನೇ ಕೇಳಿದೆ. ಬರೆದದ್ದನ್ನು ಎರಡು ಸಲ ಓದಿ, ಮೂರು ವಾಕ್ಯ ಹೊಡೆದುಹಾಕಿ, "ಹೆಸರು ಬೇಡ, ಉಳಿದದ್ದು ಇರಲಿ" ಎಂದ ಮೇಲೆ ಪತ್ರಿಕೆಗೆ ಕಳಿಸಿದ್ದೇನೆ.

ಅವತ್ತು ನನ್ನ ಬಾಯಿಂದ ಬಂದ ಮೊದಲ ಮಾತು, "ಹಿಂದೆ ಏನೇನಾಯ್ತು, ಮರೆತುಹೋಯ್ತಾ?" ಅದರ ಹಿಂದೆಯೇ ಹಳೆಯದೆಲ್ಲ ಒಂದೊಂದಾಗಿ ಎತ್ತಿ ಆಡಿದೆ. ಎಂಟು ರಾತ್ರಿ ಸರಿಯಾಗಿ ಕಣ್ಣು ಮುಚ್ಚದೆ ಇದ್ದದ್ದು, ರಾತ್ರಿ ಎರಡು ಗಂಟೆಗೆ ಅಟ್ಟದ ಮೇಲಿನ ಪಾತ್ರೆಯನ್ನೆಲ್ಲ ಇಳಿಸಿ ತೊಳೆದದ್ದು, ರಂಗೋಲಿ ಕ್ಲಾಸ್ ತೆರೆಯುತ್ತೇನೆಂದು ಯಾವುದೋ ಮಳಿಗೆಗೆ ಅಡ್ವಾನ್ಸ್ ಕೊಟ್ಟು ಬಂದದ್ದು, ಆಮೇಲೆ ಐದು ತಿಂಗಳು ಹಾಸಿಗೆ ಬಿಟ್ಟು ಏಳಲಾಗದೆ ಮಲಗಿದ್ದು. ಅವಳು ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, "ನನಗೆ ಕೈ ನಡುಗುತ್ತೆ ಅಂತ ನಾನು ಹೇಳಿದ್ದು" ಎಂದಳು. ನಡುಕದ ಮಾತನ್ನು ಅವಳು ಆಡಿಯೇ ಇರಲಿಲ್ಲ. ಆದರೆ ಅರ್ಧಕ್ಕೆ ಬಿಟ್ಟ ರಂಗೋಲಿಯನ್ನು ನಾನು ಕಣ್ಣಾರೆ ನೋಡಿ ಒಳಗೆ ಬಂದಿದ್ದೆ.

ಬೈಪೋಲಾರ್‌ನಲ್ಲಿ ಮನಸ್ಸಿನ ಸ್ಥಿತಿ ಎರಡು ತುದಿಗೆ ಹೋಗುತ್ತದೆ. ಒಂದು ತುದಿಯನ್ನು ವೈದ್ಯರು ಉನ್ಮಾದ ಎನ್ನುತ್ತಾರೆ, ಇನ್ನೊಂದನ್ನು ಖಿನ್ನತೆ. ನಮ್ಮ ಮನೆಯಲ್ಲಿ ಅವಕ್ಕೆ ಏರು, ಇಳಿತ ಎಂದು ಹೆಸರು. ಏರಿನಲ್ಲಿ ನಿದ್ದೆ ಬೇಡವಾಗುತ್ತದೆ, ಮಾತು ಓಡುತ್ತದೆ, ದುಡ್ಡಿನ ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ, ಕೈ ಹಾಕಿದ್ದೆಲ್ಲ ಆಗಿಯೇ ತೀರುತ್ತದೆ ಎಂಬ ನಂಬಿಕೆ ಬರುತ್ತದೆ. ಇಳಿತದಲ್ಲಿ ಹಲ್ಲುಜ್ಜುವುದೂ ಬೆಟ್ಟ ಹತ್ತಿದಷ್ಟು ಕಷ್ಟ. ಎರಡರ ನಡುವೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ಎಲ್ಲರಂತೆಯೇ ಇರುತ್ತಾರೆ. 2015-16ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಜೀವಮಾನದಲ್ಲಿ ಒಮ್ಮೆಯಾದರೂ ಈ ಕಾಯಿಲೆಗೆ ಒಳಗಾಗುವ ವಯಸ್ಕರು ಸಾವಿರಕ್ಕೆ 5 ಮಂದಿ. ಐವತ್ತು ಸಾವಿರ ವಯಸ್ಕರಿರುವ ಬಡಾವಣೆಯಲ್ಲಿ ಇನ್ನೂರೈವತ್ತು ಜನ. ಕಾಯಿಲೆ ಇದ್ದವರಲ್ಲಿ ನೂರಕ್ಕೆ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ ಎಂದೂ ಅದೇ ಸಮೀಕ್ಷೆ ಹೇಳಿತು. ಚಿಕಿತ್ಸೆ ಸಿಕ್ಕಿ, ಮಾತ್ರೆಯಿಂದ ಗುಣ ಕಂಡು, ಆಮೇಲೆ ಬಿಡಬೇಕು ಅನ್ನಿಸುವವರ ಮನೆಯ ಮಾತು ನಾನು ಹೇಳಹೊರಟಿರುವುದು.

ಬಿಡಬೇಕು ಎಂದರೆ ಸಾಕು, ಅದನ್ನೇ ಕಾಯಿಲೆಯ ಲಕ್ಷಣ ಎಂದುಕೊಳ್ಳುತ್ತೇವೆ. ಕೆಲವು ಸಲ ನಿಜವೂ ಹೌದು. ಏರು ಶುರುವಾದಾಗ ಮೊದಲು ಬೇಡವಾಗುವುದು ಮಾತ್ರೆಯೇ. ಆದರೆ ಹೆಚ್ಚಿನ ಸಲ ಆ ಮಾತಿನೊಳಗೆ ಒಂದು ದೂರು ಇರುತ್ತದೆ. ಇದೇ ಕಾಯಿಲೆಗೆ ಕೊಡುವ ಒಲಾಂಜಪಿನ್ ತಗೊಂಡು ಒಂದು ವರ್ಷದಲ್ಲಿ ಹನ್ನೆರಡು ಕಿಲೋ ಏರಿದ ಹುಡುಗಿಗೆ ಹಳೆಯ ರವಿಕೆ ಯಾವುದೂ ಹಿಡಿಸುವುದಿಲ್ಲ. ಅಂಥದೇ ಇನ್ನೊಂದು ಮಾತ್ರೆ ಕ್ವಿಟಿಯಾಪಿನ್ ನುಂಗಿದವನಿಗೆ ಬೆಳಿಗ್ಗೆ ಎಂಟಕ್ಕೂ ತಲೆ ಎತ್ತಲಾಗದೆ ಆಫೀಸಿನ ಕ್ಯಾಬ್ ತಪ್ಪಿಹೋಗುತ್ತದೆ. ಬಾಯಾರಿಕೆ, ಪದೇ ಪದೇ ಮೂತ್ರ, ಕೈ ನಡುಕ, ಯೋಚನೆಗೆ ಬಟ್ಟೆ ಹೊದಿಸಿದ ಹಾಗೆ ಅನ್ನಿಸುವುದು. ಮಗು ಬೇಕೆನ್ನುವ ಆಸೆ. ನೆಂಟರ ಮನೆಯಲ್ಲಿ ಎಲ್ಲರ ಮುಂದೆ ಪರ್ಸಿನಿಂದ ಮಾತ್ರೆ ತೆಗೆಯುವ ಸಂಕೋಚ. ಎಲ್ಲಕ್ಕಿಂತ ದೊಡ್ಡದು, ಎರಡು ವರ್ಷದಿಂದ ಚೆನ್ನಾಗಿಯೇ ಇದ್ದೇನಲ್ಲ ಎನ್ನುವುದು. ಸಕ್ಕರೆ ಕಾಯಿಲೆಯವರಿಗೂ, ಬಿಪಿ ಇರುವವರಿಗೂ ಇದೇ ಅನ್ನಿಸುತ್ತದೆ. ಅವರನ್ನು ನಾವು ಕಾಯಿಲೆ ಮಾತಾಡಿಸುತ್ತಿದೆ ಎನ್ನುವುದಿಲ್ಲ.

ಲಿಥಿಯಂನ ಕಥೆಯ ಮೊದಲ ಪುಟದಲ್ಲೇ ಮಾತ್ರೆ ಬಿಟ್ಟ ಒಬ್ಬ ರೋಗಿ ಇದ್ದಾನೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರ ಬಂಡೂರ ಎಂಬಲ್ಲಿನ ಆಸ್ಪತ್ರೆಯಲ್ಲಿ ಜಾನ್ ಕೇಡ್ ಎಂಬ ವೈದ್ಯ 1948ರಲ್ಲಿ, ಐದು ವರ್ಷದಿಂದ ಉನ್ಮಾದದಲ್ಲೇ ಇದ್ದ 51 ವರ್ಷದ ಒಬ್ಬನಿಗೆ ಲಿಥಿಯಂ ಕೊಟ್ಟ. ಮೂರು ತಿಂಗಳು ಕಳೆದ ಮೇಲೆ ಆತ ಮನೆಗೆ ಹೊರಟ, ಹಳೆಯ ಕೆಲಸಕ್ಕೂ ಸೇರಿಕೊಂಡ. ಚೆನ್ನಾಗಿದ್ದೇನೆಂದು ಮೆಲ್ಲಗೆ ಮಾತ್ರೆಯ ಕಡೆ ಗಮನ ಕಡಿಮೆ ಮಾಡಿ, ಕೊನೆಗೆ ಬಿಟ್ಟೇಬಿಟ್ಟ. 1949ರ ಜನವರಿ ಮುಗಿಯುವ ಹೊತ್ತಿಗೆ ಮತ್ತೆ ಆಸ್ಪತ್ರೆಯಲ್ಲಿದ್ದ. ಆ ವರ್ಷ ಕೇಡ್ ಪ್ರಕಟಿಸಿದ ಹೆಸರಾಂತ ಲೇಖನದಲ್ಲಿ ಇಷ್ಟು ಇದೆ. ಅದೇ ರೋಗಿ 1950ರಲ್ಲಿ ಲಿಥಿಯಂ ಮೈಯಲ್ಲಿ ಹೆಚ್ಚಾಗಿ ವಿಷವಾಗಿ ತೀರಿಕೊಂಡ. ರಕ್ತದಲ್ಲಿ ಅದರ ಮಟ್ಟ ಅಳೆದು ಡೋಸ್ ನಿರ್ಧರಿಸುವ ಕ್ರಮ ಆಗ ಇನ್ನೂ ಬಂದಿರಲಿಲ್ಲ. ಬಿಟ್ಟದ್ದರಿಂದ ಬಂದ ಕಷ್ಟ, ಹೆಚ್ಚಾದದ್ದರಿಂದ ಬಂದ ಸಾವು, ಎರಡೂ ಒಬ್ಬನ ಬದುಕಿನಲ್ಲೇ. ಇದನ್ನು ಓದಿದ ದಿನ ನನಗೆ ತಿಳಿದದ್ದು ಇಷ್ಟು: ನನ್ನ ಹೆಂಡತಿಯ ದೂರನ್ನು ಕೇಳದೆ ಹೋದರೂ ತಪ್ಪು, ಕೇಳಿ ಹಾಗೇ ಬಿಟ್ಟುಬಿಡು ಎಂದರೂ ತಪ್ಪು.

ಈಗ ಆ ಅಳತೆ ಇದೆ. ಸಾಮಾನ್ಯವಾಗಿ ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಲಿಥಿಯಂ ಇರಬೇಕು. 1.5 ದಾಟಿದರೆ ವಿಷದ ಲಕ್ಷಣಗಳು ಶುರು: ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು, ನಾಲಿಗೆ ತೊದಲುವುದು. ಆಗ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಓಡಬೇಕು. ನಮ್ಮ ಅಡುಗೆಮನೆಗೂ ಈ ಔಷಧಿಗೂ ಇರುವ ನಂಟನ್ನು ಬಿಡಿಸಿ ಹೇಳುವವರು ಕಡಿಮೆ. ಲಿಥಿಯಂ ಕೂಡ ಉಪ್ಪಿನ ಜಾತಿಯದು. ಮೂತ್ರಪಿಂಡ ಇದನ್ನು ಅಡುಗೆ ಉಪ್ಪಿನ ಸೋಡಿಯಂನ ಹಾಗೆಯೇ ಕಾಣುತ್ತದೆ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಅದು ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಮಟ್ಟ ಏರುತ್ತದೆ. ಹಾಗಾಗಿ ನೀರೂ ಮುಟ್ಟದ ಏಕಾದಶಿ ಉಪವಾಸ ಲಿಥಿಯಂ ತಗೊಳ್ಳುವವರಿಗೆ ಆಗದು. ಯಾರೋ ಹೇಳಿದರೆಂದು ಊಟದಲ್ಲಿ ಉಪ್ಪು ಒಮ್ಮೆಲೇ ಬಿಡಬಾರದು. ಭೇದಿಯಾದ ದಿನ ವೈದ್ಯರಿಗೆ ಫೋನ್ ಮಾಡಬೇಕು. ಬಿಪಿಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳೂ, ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ತರಹದವೂ ಮಟ್ಟವನ್ನು ಏರಿಸುತ್ತವೆ. ಅವಳ ಕೈ ನಡುಗತೊಡಗಿದ ಆ ಧನುರ್ಮಾಸದಲ್ಲಿ ಸೊಂಟ ನೋವೆಂದು ಹದಿನೈದು ದಿನ ನಾನೇ ಅಂಗಡಿಯಿಂದ ಅಂಥ ಮಾತ್ರೆ ತಂದುಕೊಟ್ಟಿದ್ದೆ. ಅವಳು ಲಿಥಿಯಂ ತಗೊಳ್ಳುತ್ತಾಳೆ ಎಂದು ಅಂಗಡಿಯವರಿಗೆ ಹೇಳಬೇಕೆಂಬುದೇ ನನಗೆ ಹೊಳೆದಿರಲಿಲ್ಲ.

ಜಗಳವಾಡಿ ಎರಡು ದಿನ ಕಳೆದ ಮೇಲೆ ಡಾಕ್ಟರ ಹತ್ತಿರ ಹೋದೆವು. ಅವಳ ಮಾತನ್ನು ಅವಳೇ ಹೇಳಲಿ ಎಂದು ನಾನು ಸುಮ್ಮನೆ ಕೂತೆ. ಹಿಂದಿನ ಎಷ್ಟೋ ಭೇಟಿಗಳಲ್ಲಿ ನಾನು ಹೀಗೆ ಕೂತವನಲ್ಲ. "ಹೇಗಿದ್ದೀರಿ" ಎಂದು ಅವಳನ್ನು ಕೇಳಿದರೆ "ಚೆನ್ನಾಗಿದ್ದಾಳೆ ಡಾಕ್ಟ್ರೇ" ಎಂದು ನಾನು ಉತ್ತರ ಕೊಡುತ್ತಿದ್ದೆ. ಅವಳು ಒಂದು ಹಾಳೆಯಲ್ಲಿ ಸಣ್ಣ ರಂಗೋಲಿ ಬರೆದು ಅವರ ಮುಂದಿಟ್ಟಳು. ಡಾಕ್ಟರು ಅದನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿದರು. ರಕ್ತ ಪರೀಕ್ಷೆಯಲ್ಲಿ ಮಟ್ಟ 1.1 ಇತ್ತು. ನೋವಿನ ಮಾತ್ರೆ ನಿಲ್ಲಿಸಿದರು, ಲಿಥಿಯಂ ಡೋಸ್ ಸ್ವಲ್ಪ ಇಳಿಸಿದರು, ನಡುಕ ತಗ್ಗಲು ಪ್ರೊಪ್ರನೊಲಾಲ್ ಎಂಬ ಸಣ್ಣ ಮಾತ್ರೆ ಬರೆದರು. ಆರು ವಾರಕ್ಕೆ ಮಟ್ಟ 0.7ಕ್ಕೆ ಬಂತು. ನಡುಕ ಪೂರ್ತಿ ಹೋಗಲಿಲ್ಲ, ಎಳೆ ಹಿಡಿಯುವಷ್ಟು ಕಡಿಮೆಯಾಯಿತು.

ಅವಳು ಅಲ್ಲೇ ಇನ್ನೊಂದು ಪ್ರಶ್ನೆ ಕೇಳಿದಳು. "ಪೂರ್ತಿ ಬಿಡಲೇಬೇಕು ಅಂದ್ರೆ?" ನಾನು ಬೆವೆತೆ. ಡಾಕ್ಟರು ಬೈಯಲಿಲ್ಲ. ಕೆಲವರಿಗೆ ಕಡಿಮೆ ಮಾಡುತ್ತ ಹೋಗಲು ಸಾಧ್ಯವಿದೆ, ಅನೇಕರಿಗೆ ಕಾಯಿಲೆ ಮರಳುತ್ತದೆ, ಯಾರಿಗೆ ಯಾವುದು ಎಂದು ಮೊದಲೇ ಹೇಳಲು ಬರುವುದಿಲ್ಲ ಎಂದರು. ಖಚಿತವಾಗಿ ಹೇಳಿದ್ದು ಒಂದನ್ನು: ಒಂದೇ ದಿನದಲ್ಲಿ ನಿಲ್ಲಿಸಬೇಡಿ. ಲಿಥಿಯಂ ಹಠಾತ್ತಾಗಿ ನಿಂತರೆ ಮುಂದಿನ ಕೆಲವೇ ತಿಂಗಳಲ್ಲಿ ಉನ್ಮಾದ ಮರಳುವ ಸಂಭವ ಬಹಳ ಹೆಚ್ಚು. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವುದು ಈ ಔಷಧಿಯ ದೊಡ್ಡ ಗುಣ, ನಿಲ್ಲಿಸಿದಾಗ ಆ ರಕ್ಷಣೆಯೂ ಹೋಗುತ್ತದೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ತಗೊಂಡು ಮೆಲ್ಲಗೆ ಇಳಿಸಿ ಎನ್ನುತ್ತದೆ. ಮಗು ಬೇಕೆನ್ನುವವರು ಗರ್ಭ ನಿಲ್ಲುವ ಮೊದಲೇ ವೈದ್ಯರ ಜೊತೆ ಕೂತು ಮಾತಾಡಬೇಕು. ಇದೇ ಕಾಯಿಲೆಗೆ ಕೊಡುವ ವಾಲ್ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ಹಾನಿ ಮಾಡಬಲ್ಲದು. ಆ ಹೆದರಿಕೆಗೆ ತಾವಾಗಿಯೇ ಎಲ್ಲ ಮಾತ್ರೆ ನಿಲ್ಲಿಸಿದರೆ, ಬೈಪೋಲಾರ್ ಮರುಕಳಿಸಲು ಅತಿ ಹೆಚ್ಚು ಸಾಧ್ಯತೆ ಇರುವ ಬಾಣಂತನಕ್ಕೆ ತಾಯಿ ರಕ್ಷಣೆಯಿಲ್ಲದೆ ಕಾಲಿಡುತ್ತಾಳೆ.

ಬಾಣಂತನ ಎಂದಾಗ ಕನ್ನಡದವರಿಗೆ ತ್ರಿವೇಣಿಯವರ 'ಶರಪಂಜರ' ನೆನಪಾಗಬೇಕು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ವಾಸಿಯಾಗಿ ಮನೆಗೆ ಬಂದವಳನ್ನು ಮನೆ ನಂಬುವುದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ನಾನು ಮೊದಲು ನೋಡಿದಾಗ ಆ ಗಂಡನ ಮೇಲೆ ಕೋಪ ಬಂದಿತ್ತು. ಈಗ ಟಿವಿಯಲ್ಲಿ ಬಂದರೆ ಅವನ ಮುಖ ನೋಡಲು ಕಷ್ಟವಾಗುತ್ತದೆ. ಯಾಕೆಂದರೆ "ಮಾತ್ರೆ ತಗೊಂಡ್ಯಾ?" ಎಂಬ ಎರಡು ಪದವನ್ನು ನಾನೂ ಹಾಗೆಯೇ ಬಳಸಿದ್ದೇನೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನಾನು ಅಂದು, ಅವಳು ರೇಗಿದರೆ, "ಮಾತ್ರೆ ತಗೊಂಡ್ಯಾ?" ಅವಳ ಅಣ್ಣನ ಮಗಳ ಮದುವೆಯಲ್ಲಿ ಅವಳು ಜೋರಾಗಿ ನಕ್ಕು ಹಾಡು ಹೇಳಿದರೆ, ಪಕ್ಕಕ್ಕೆ ಕರೆದು, "ಮಾತ್ರೆ ತಗೊಂಡ್ಯಾ?" ಒಂದು ದಿನ ಅವಳು ತಿರುಗಿ ಕೇಳಿದಳು: "ನಿಮ್ಮ ಸಿಟ್ಟು ಸಿಟ್ಟು, ನನ್ನ ಸಿಟ್ಟು ಕಾಯಿಲೆನಾ?" ಊರೆಲ್ಲ ಯಾರ ಮೇಲಾದರೂ ರೇಗಿದರೆ "ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಎಂದು ನಗುವ ಬೆಂಗಳೂರಿನಲ್ಲಿ, ನಿಜವಾಗಿಯೂ ಆಸ್ಪತ್ರೆಗೆ ಹೋಗಿ ಬಂದವರಿಗೆ ನನ್ನ ಆ ಎರಡು ಪದದ ಪ್ರಶ್ನೆ ಎಲ್ಲಿ ತಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಮಾತ್ರೆ ಬಿಡಬೇಕೆನ್ನುವುದಕ್ಕೆ ಕೈ ನಡುಕದಷ್ಟೇ ದೊಡ್ಡ ಕಾರಣ ಈ ಪ್ರಶ್ನೆಯೂ ಆಗಿತ್ತು. ಮಾತ್ರೆ ಇರುವ ತನಕ ತಾನು ಮನೆಯಲ್ಲಿ ರೋಗಿಯೇ ಎಂದು ಅವಳಿಗೆ ಅನ್ನಿಸಿತ್ತು.

ಮಾತ್ರೆಯನ್ನು ಪುಡಿ ಮಾಡಿ ಹುಳಿಯಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವ ಉಪಾಯವನ್ನು ನನಗೂ ಹಿತೈಷಿಗಳು ಹೇಳಿಕೊಟ್ಟರು. ದಯವಿಟ್ಟು ಯಾರೂ ಮಾಡಬೇಡಿ. ಲಿಥಿಯಂನಂಥ ಔಷಧಿ ಎಷ್ಟು ಹೊಟ್ಟೆಗೆ ಹೋಯಿತೆಂಬ ಲೆಕ್ಕ ತಪ್ಪುತ್ತದೆ. ಒಮ್ಮೆ ಗೊತ್ತಾಯಿತೆಂದರೆ ಆ ಮನೆಯಲ್ಲಿ ಅವರು ನೆಮ್ಮದಿಯಿಂದ ಒಂದು ತುತ್ತು ಅನ್ನ ಉಣ್ಣುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದರ 4ನೇ ಸೆಕ್ಷನ್ನಿನಲ್ಲಿರುವ ಒಂದು ಮಾತು ಪ್ರತಿಯೊಬ್ಬ ಗಂಡ, ಹೆಂಡತಿ, ಅತ್ತೆ, ಮಾವ ತಿಳಿಯಬೇಕಾದದ್ದು. ತನ್ನ ಚಿಕಿತ್ಸೆಯ ಬಗ್ಗೆ ಒಬ್ಬರು ಮಾಡಿದ ತೀರ್ಮಾನ ಬೇರೆಯವರಿಗೆ ತಪ್ಪಾಗಿ ಕಂಡಿತು ಅನ್ನುವುದೊಂದರಿಂದಲೇ ಅವರಿಗೆ ತೀರ್ಮಾನ ಮಾಡುವ ಸಾಮರ್ಥ್ಯ ಇಲ್ಲ ಎನ್ನುವಂತಿಲ್ಲ. ಇದೇ ಕಾಯ್ದೆ ಇನ್ನೆರಡು ಅನುಕೂಲ ಕೊಟ್ಟಿದೆ. ಒಂದು, ಮುಂಗಡ ನಿರ್ದೇಶನ. ಚೆನ್ನಾಗಿರುವಾಗಲೇ ಮುಂದೆ ಹುಷಾರು ತಪ್ಪಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದು, ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಲ್ಲಿ ನೋಂದಾಯಿಸಬಹುದು. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ. ಇನ್ನೊಂದು, ತನ್ನ ಪರವಾಗಿ ನಿಲ್ಲುವವರನ್ನು ತಾನೇ ಹೆಸರಿಸುವ ಹಕ್ಕು. ಅದು ಗಂಡನೇ ಆಗಬೇಕೆಂದಿಲ್ಲ. ನನ್ನ ಹೆಂಡತಿ ತಂಗಿಯ ಹೆಸರು ಬರೆದಿದ್ದಾಳೆ. ಮೊದಲು ಕೇಳಿದಾಗ ನನಗೆ ನೋವಾಯಿತು. ಏರಿನಲ್ಲಿ ಅವಳ ಸಿಟ್ಟೆಲ್ಲ ತಿರುಗುವುದು ನನ್ನ ಕಡೆಗೆ, ತಂಗಿಯ ಮಾತನ್ನು ಆಗಲೂ ಕೇಳುತ್ತಾಳೆ. ಅವಳು ಆರಿಸಿದ್ದು ಸರಿ.

ಮಂಡಳಿಯ ಕಾಗದ ಆಮೇಲಿನ ಮಾತು. ಅದಕ್ಕೂ ಮೊದಲು ನಾವಿಬ್ಬರು ಒಂದು ಭಾನುವಾರ ಮಧ್ಯಾಹ್ನ ಕೂತು ಮಗಳ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡೆವು. ಏರು ಬರುವ ಸೂಚನೆ ಏನೇನು ಎಂದು ಅವಳೇ ಹೇಳಿದಳು, ನಾನು ಬರೆದೆ. ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ ಮಾಡಿಯೂ ಸುಸ್ತಿಲ್ಲದೆ ಏಳುವುದು, ಎರಡು ರಾತ್ರಿ ಸತತ. ಹೈಸ್ಕೂಲಿನ ಗೆಳತಿಯರಿಗೆಲ್ಲ ಒಂದೇ ದಿನ ಫೋನ್. ಬೀರು ಪೂರ್ತಿ ಖಾಲಿ ಮಾಡಿ ಮತ್ತೆ ಜೋಡಿಸುವುದು. ಇವುಗಳಲ್ಲಿ ಎರಡು ಕಂಡರೆ ನಾನು ಡಾಕ್ಟರಿಗೆ ಫೋನ್ ಮಾಡಬಹುದು, ಅವಳು ತಡೆಯುವುದಿಲ್ಲ. ಎಟಿಎಂ ಕಾರ್ಡು ತಂಗಿಯ ಕೈಗೆ. ಒಂದೇ ಒಂದು ಕಂಡರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಹಾಳೆಯ ಹಿಂಭಾಗದಲ್ಲಿ ನನ್ನ ಪಾಲಿನದನ್ನು ಅವಳು ಬರೆದಳು. ನೆಂಟರ ಮುಂದೆ ಮಾತ್ರೆಯ ಸುದ್ದಿ ಎತ್ತಬಾರದು. ಮಾತ್ರೆ ಡಬ್ಬಿ ತೆರೆದು ಎಣಿಸಬಾರದು. ಜಗಳದಲ್ಲಿ ಹಳೆಯದನ್ನು ತೆಗೆಯಬಾರದು. ಚೆನ್ನಾಗಿದ್ದೇನೆ ಎಂದು ಅವಳು ಹೇಳಿದ ದಿನ ನಂಬಬೇಕು.

ಇಷ್ಟೆಲ್ಲ ಮಾಡಿಯೂ ಒಂದು ದಿನ ಮಾತ್ರೆ ನಿಂತುಹೋಗಬಹುದು. ಹಾಗಾದಾಗ ಕೂಗಾಡಿದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಅಷ್ಟೇ. ಯಾವತ್ತಿನಿಂದ ನಿಲ್ಲಿಸಿದ್ದು ಎಂದು ಮೆಲ್ಲಗೆ ಕೇಳಿ ಬರೆದಿಟ್ಟುಕೊಳ್ಳಿ. ವೈದ್ಯರಿಗೆ ತಿಳಿಸಿ. ದಿನಗಳು ಕಳೆದಿದ್ದರೆ ಮತ್ತೆ ಎಷ್ಟರಿಂದ ಶುರು ಮಾಡಬೇಕೆಂಬುದನ್ನು ಅವರೇ ಹೇಳಬೇಕು. ನಿದ್ದೆಯ ಮೇಲೆ ಕಣ್ಣಿಡಿ, ಏರಿನ ಸುಳಿವು ಎಲ್ಲಕ್ಕಿಂತ ಮೊದಲು ಅಲ್ಲಿ ಸಿಗುತ್ತದೆ. ನಡುರಾತ್ರಿ ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ವ್ಯವಸ್ಥೆಗೆ ನಿಮ್ಹಾನ್ಸೇ ಕೇಂದ್ರ. ಸಾಯುವ ಮಾತು ಬಂದರೆ, ಬದುಕು ಸಾಕೆನ್ನುವ ಮಾತು ಬಂದರೂ, ಅವರನ್ನು ಒಂಟಿಯಾಗಿ ಬಿಡಬೇಡಿ, ಬೆಳಗಾಗಲೆಂದು ಕಾಯಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಏರು ಅಥವಾ ಇಳಿತ ಮಿತಿಮೀರಿ, ಅವರಿಗೆ ತಮ್ಮ ಅಪಾಯ ತಿಳಿಯದ ಸ್ಥಿತಿ ಬಂದರೆ, ಅವರು ಹೆಸರಿಸಿದ ಪ್ರತಿನಿಧಿಯ ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿದ ನಂತರ, 30 ದಿನದವರೆಗೆ ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಲು ಕಾಯ್ದೆಯ 89ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಅದನ್ನು ಮಾಡಬೇಕಾಗಿ ಬಂದರೆ ಮಾಡಿ. ಅದೂ ಆರೈಕೆಯೇ. ಆಮೇಲೆ ಅದನ್ನು ಜಗಳದಲ್ಲಿ ಎತ್ತಬೇಡಿ.

ನೋಡಿಕೊಳ್ಳುವವರ ಬಗ್ಗೆಯೂ ಒಂದು ಮಾತು. ಅವಳ ಇಳಿತದ ಐದು ತಿಂಗಳಲ್ಲಿ ನಾನು ಯಾರಿಗೂ ಏನೂ ಹೇಳಲಿಲ್ಲ, ಆಫೀಸಿನಲ್ಲಿ ಹೆಂಡತಿಗೆ ಬೆನ್ನುನೋವು ಎಂದಿದ್ದೆ. ನನಗೂ ನಿದ್ದೆ ಕೆಟ್ಟು, ಮಗಳ ಮೇಲೆ ವಿನಾಕಾರಣ ಕೈ ಎತ್ತಿದ ದಿನ ಹೆದರಿ ಆಪ್ತಸಮಾಲೋಚಕರ ಹತ್ತಿರ ಹೋದೆ. ನಮ್ಮ ದಕ್ಷಿಣ ಬೆಂಗಳೂರಿನವರಿಗೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರವಿದೆ. ಕಾಯಿಲೆಯನ್ನು ಕನ್ನಡದಲ್ಲೇ ಓದಿ ತಿಳಿಯಬೇಕೆಂದರೆ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳಿಂದ ಬರೆದ ಪುಸ್ತಕಗಳಿವೆ. ನಾನು ಓದಲು ಶುರು ಮಾಡಿದ್ದು ಅಲ್ಲಿಂದ.

ಅವಳು ಈಗಲೂ ಲಿಥಿಯಂ ತಗೊಳ್ಳುತ್ತಾಳೆ. ಬಿಡುವ ಮಾತು ನಡುವೆ ಎರಡು ಸಲ ಬಂದಿದೆ, ಎರಡು ಸಲವೂ ಡಾಕ್ಟರ ಮುಂದೆಯೇ ಬಂದಿದೆ. ಮುಂದಿನ ವರ್ಷ ಹೇಗೋ ನಮಗಿಬ್ಬರಿಗೂ ಗೊತ್ತಿಲ್ಲ. ಬರುವ ಮಂಗಳವಾರ ರಕ್ತ ಕೊಡಬೇಕು. ಹಿಂದಿನ ಮಾತ್ರೆ ನುಂಗಿ ಹನ್ನೆರಡು ಗಂಟೆ ಆಗಿರಬೇಕು, ಇಲ್ಲದಿದ್ದರೆ ಮಟ್ಟ ಸರಿಯಾಗಿ ಸಿಗುವುದಿಲ್ಲ. ಲಿಥಿಯಂ ಜೊತೆಗೆ ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯೂ ಇದೆ, ಆರು ತಿಂಗಳಿಗೊಮ್ಮೆ ಮಾಡಿಸುವುದು. ಸೋಮವಾರ ರಾತ್ರಿ ಒಂಬತ್ತಕ್ಕೆ ಅವಳ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ. ನಾನು ಆ ಹೊತ್ತಿಗೆ ಮಗಳ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿರುತ್ತೇನೆ, ಏನೂ ಕೇಳುವುದಿಲ್ಲ.